ಮಿಲ್ಲಕ್ಕ ಹಾಕಿದ ಸರದಿ

ಮಿಲ್ಲಕ್ಕನ ಹುಬ್ಬು ವಾರವೆಲ್ಲ ಬೂದು ಬಣ್ಣ, ಮಂಗಳವಾರ ಒಂದು ದಿನ ಕಪ್ಪು. ರೆಪ್ಪೆಯ ಮೇಲೆ, ಮೂಗುಬೊಟ್ಟಿನ ಸುತ್ತ, ಓಲೆಯ ಹರಳುಗಳ ಸಂದಿಯಲ್ಲಿ, ಎಲ್ಲೆಲ್ಲೂ ರಾಗಿ ಹಿಟ್ಟು ಕೂತಿರುತ್ತಿತ್ತು. ನಕ್ಕಾಗ ಕೆನ್ನೆಯ ಮೇಲೆ ಗೆರೆ ಬಿದ್ದು ಅಲ್ಲಿ ಮಾತ್ರ ಚರ್ಮದ ನಿಜವಾದ ಬಣ್ಣ ಕಾಣುತ್ತಿತ್ತು. ಮಂಗಳವಾರ ಮಿಲ್ಲಿಗೆ ರಜ. ಅವತ್ತು ತಲೆಗೆ ಎರೆದುಕೊಂಡು, ಗಂಜಿ ಹಾಕಿದ ಸೀರೆ ಉಟ್ಟು ಪೇಟೆ ಬೀದಿಯಲ್ಲಿ ಬಂದರೆ ಎಷ್ಟೋ ಜನಕ್ಕೆ ಗುರುತೇ ಸಿಗುತ್ತಿರಲಿಲ್ಲ. ಬಾಯಿ ತೆರೆದರೆ ಮಾತ್ರ ಅನುಮಾನಕ್ಕೆ ಎಡೆಯಿರಲಿಲ್ಲ. ಹಿಟ್ಟಿನ ಮಿಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆಸಿಕೊಂಡ ಗಂಟಲು ಅದು. ಅವರು ದೇವಸ್ಥಾನದಲ್ಲಿ ನಿಂತು ಗುಟ್ಟು ಹೇಳಿದರೆ ಹೇಮಾವತಿಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರೂ ತಲೆ ಎತ್ತುತ್ತಿದ್ದರೇನೋ.

ಹೊಳೆನರಸೀಪುರದಲ್ಲಿ ಅವರ ಮಿಲ್ಲೂ ನಮ್ಮ ಮನೆಯೂ ಒಂದೇ ಬೀದಿಯಲ್ಲಿ. ಆದರೂ ಎಷ್ಟೋ ವರ್ಷ ನಮ್ಮ ನಡುವೆ ಇದ್ದ ವ್ಯವಹಾರ ಡಬ್ಬ ಇಟ್ಟು ಬರುವುದು, ಡಬ್ಬ ಎತ್ತಿಕೊಂಡು ಬರುವುದು, ಅಷ್ಟೇ. ನಾನು ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬೆಳಿಗ್ಗೆ ಮನೆಯಲ್ಲಿ ಅಡುಗೆ, ಆಮೇಲೆ ಶಾಲೆಯಲ್ಲಿ ಬೀಜಗಣಿತ, ಸಾಯಂಕಾಲ ಮತ್ತೆ ಅಡುಗೆ. ಬೀದಿಯಲ್ಲಿ ನಿಂತು ಹರಟುವ ಜನ್ಮ ನನ್ನದಲ್ಲ ಎಂದುಕೊಂಡಿದ್ದೆ. ಆ ಶಾಲೆಯೆಂದರೆ ನನಗೆ ಪ್ರಾಣ. ಮಕ್ಕಳು ಲೆಕ್ಕ ಬಿಡಿಸಿ ಮುಖ ಅರಳಿಸುವ ಆ ಗಳಿಗೆಗಾಗಿ ನಾನು ಎಂಥ ಹೆಡ್‌ಮಿಸ್ಟ್ರೆಸ್ಸನ್ನೂ ಸಹಿಸಿಕೊಂಡಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಹಾಸನದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಕರೆತಂದೆವು. ನನ್ನ ಗಂಡನಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಎಲೆಕ್ಟ್ರಿಕಲ್ ಅಂಗಡಿ. ಭಾವನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ. ನಾದಿನಿಯನ್ನು ಅರಕಲಗೂಡಿಗೆ ಕೊಟ್ಟಿದ್ದಾರೆ. ಮೈದುನ ಹಾಸನದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ. ಅತ್ತೆಯನ್ನು ನೋಡಿಕೊಳ್ಳಲು ನಾನು ಕೆಲಸ ಬಿಡಬೇಕೆಂದು ಯಾರೂ ಹೇಳಲಿಲ್ಲ, ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಮಳೆಗಾಲಕ್ಕೆ ಕೊಡೆ ತೆಗೆಯುವಷ್ಟು ಸಹಜವಾಗಿ ಅದು ಎಲ್ಲರಿಗೂ ಗೊತ್ತಿತ್ತು. ಶಾಲೆಯವರು ಜೂನ್‌ವರೆಗೆ ರಜ ಕೊಟ್ಟರು. ಶಾಲೆ ತೆರೆಯುವ ದಿನ ನಾನು ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಅವರ ತಪ್ಪೇನಿಲ್ಲ. ಆದರೆ ಯಾರಾದರೂ ಜೂನ್ ಎಂದರೆ ನಾನು ಮಾತು ಬದಲಿಸುತ್ತಿದ್ದೆ.

ಅತ್ತೆಗೆ ಗಟ್ಟಿ ಊಟ ಇಳಿಯುತ್ತಿರಲಿಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿಹಿಟ್ಟು ಮಾಡಿಸಲು ಮಿಲ್ಲಿಗೆ ಹೋದೆ. ನಮ್ಮ ಕಡೆ ಸರಿಹಿಟ್ಟು ಎಂದರೆ ಹಾಲು ಬಿಡಿಸುವ ಕೂಸುಗಳಿಗೆ. ಮಿಲ್ಲಕ್ಕ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿ, ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದರು.

"ನಿನ್ ಮಗ್ಳು ಕಾಲೇಜಿಗೆ ಓಯ್ತಾವ್ಳೆ. ಮನೇಲಿ ಕೂಸಿಲ್ಲ. ಸರಿಹಿಟ್ಟು ಯಾರ್ಗವ್ವ? ಯಾರು ಮಲಗವ್ರೆ?"

"ನಮ್ಮತ್ತೆ."

"ನೋಡ್ಕತಿರೋರು?"

"ನಾನೇ."

"ನಿನ್ನ?"

"ನನಗೇನಾಗಿದೆ ಅಕ್ಕ?" ಎಂದೆ, ಸ್ವಲ್ಪ ಬಿಗುಮಾನದಿಂದಲೇ.

"ಮನೇಲಿ ಕನ್ನಡಿ ಐತಾ? ಓಗಿ ನೋಡ್ಕ. ಸೆರಗು ತಿರುವು ಮುರುವು, ತಲೆ ಬಾಚಿ ಯಾವ ಕಾಲ ಆಯ್ತೋ. ಇಂಗೇ ಬುಟ್ರೆ ಮಳೆಗಾಲ್ದೊತ್ಗೆ ಎರಡು ಮಂಚ ಬೇಕಾಯ್ತವೆ ಕಣವ್ವ."

ಅವರಿಗೆ ಊರಿನಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿಯುತ್ತಿದ್ದುದೇ ಹೀಗೆ. ಕೂಸಿಲ್ಲದ ಮನೆಯಿಂದ ಸರಿಹಿಟ್ಟು ಬಂತೆಂದರೆ ಆ ಮನೆಯಲ್ಲಿ ಒಬ್ಬರು ಮಲಗಿದ್ದಾರೆ, ಇನ್ನೊಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಅರ್ಥ. ಮಲಗಿದವರ ಬಗ್ಗೆ ಕೇಳುವವರು ಬೇಕಾದಷ್ಟಿದ್ದಾರೆ, ನಾನು ಸಿಕ್ಕಿಹಾಕಿಕೊಂಡವರ ಕಡೆ ಎಂದು ಅವರು ನೇರವಾಗಿ ಹೇಳುತ್ತಿದ್ದರು. ಹೆಂಗಸರು ಮಿಲ್ಲು ಓಡುವಾಗಲೇ ಅವರ ಹತ್ತಿರ ಕಷ್ಟ ಹೇಳಿಕೊಳ್ಳುತ್ತಿದ್ದರು. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರಿಗೂ ಏನೂ ಕೇಳುತ್ತಿರಲಿಲ್ಲ. ಮಿಲ್ಲಕ್ಕ ತುಟಿ ನೋಡಿಯೇ ಅರ್ಥ ಮಾಡಿಕೊಂಡು ತಲೆದೂಗುತ್ತಿದ್ದರು. ಉತ್ತರ ಮಾತ್ರ ಇಡೀ ಬೀದಿಗೆ ಕೇಳುತ್ತಿತ್ತು.

ಈಗ ನಮ್ಮ ಕಡೆಯ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಯಾರಾದರೂ ಕಾಯಿಲೆ ಬಿದ್ದರೆ ನೆಂಟರು 'ನೋಡೋಕೆ' ಬರುತ್ತಾರೆ. ಬರದಿದ್ದರೆ ತಲೆಮಾರುಗಟ್ಟಲೆ ಆಡಿಕೊಳ್ಳುತ್ತಾರೆ, ಹಾಗಾಗಿ ತಪ್ಪದೆ ಬರುತ್ತಾರೆ. ಕೈಯಲ್ಲಿ ಸೇಬು, ಬ್ರೆಡ್ಡು. ಮಂಚದ ಸುತ್ತ ನಿಂತು ಕಾಯಿಲೆಯವರ ಕಿವಿಗೆ ಬೀಳುವ ಹಾಗೆಯೇ, "ಅಯ್ಯೋ, ಹೇಗಿದ್ದೋರು ಹೇಗಾಗೋದ್ರು" ಎನ್ನುತ್ತಾರೆ. ಹೇಗಾಯಿತು ಎಂದು ಕೇಳುತ್ತಾರೆ. ನಾನು ಮಗ್ಗಿ ಒಪ್ಪಿಸುವ ಹಾಗೆ ಮೊದಲಿಂದ ಹೇಳಬೇಕು. ಅಷ್ಟರಲ್ಲಿ ಕಾಫಿ ಆಗಬೇಕು. ದೂರದಿಂದ ಬಂದವರಾದರೆ ಉಪ್ಪಿಟ್ಟು, ಮಧ್ಯಾಹ್ನ ಆದರೆ ಊಟ. ಹೋಗುವಾಗ ನನ್ನ ಬೆನ್ನು ತಟ್ಟಿ, "ನೀನು ದೇವತೆ ಕಣಮ್ಮ, ಇಂಥ ಸೊಸೆ ಸಿಕ್ಕೋಕೆ ಪುಣ್ಯ ಮಾಡಿರಬೇಕು" ಎಂದು ಹೇಳಿ ಬಸ್ ಹತ್ತುತ್ತಾರೆ. ದೇವತೆ ಲೋಟ ತೊಳೆಯಲು ಹೋಗುತ್ತಾಳೆ. ಬರಲಾಗದವರು ಮನೆಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕುತ್ತಾರೆ. ಅವರ ಮೇಲೆ ನನಗೆ ಒಂದು ರೀತಿ ಕೃತಜ್ಞತೆಯೇ ಇತ್ತು, ಅವರಿಗೆ ಕಾಫಿ ಮಾಡಬೇಕಾಗಿರಲಿಲ್ಲವಲ್ಲ.

ಒಂದು ಭಾನುವಾರ ಹೀಗೇ ಹಾಲ್ ತುಂಬ ಜನ. ಭಾವ, ಓರಗಿತ್ತಿ, ಅತ್ತೆಯ ತವರಿನ ಕಡೆಯವರು. ನಾನು ಒಲೆಯ ಮುಂದೆ. ಡಬ್ಬ ತರಲು ನಾನು ಹೋಗದೇ ಇದ್ದುದರಿಂದ ಮಿಲ್ಲಕ್ಕ ತಾವೇ ಸರಿಹಿಟ್ಟು ಹಿಡಿದು ಬಂದರು. ನೇರ ಅಡುಗೆಮನೆಗೆ ಬಂದು, ಪಾತ್ರೆ ನೋಡಿ, ನನ್ನ ಮುಖ ನೋಡಿ, ಗ್ಯಾಸ್ ಆರಿಸಿದರು. ಹಿಟ್ಟು ಬಡಿದ ಅದೇ ಮುಖದಲ್ಲಿ ಹಾಲ್‌ಗೆ ಹೋಗಿ ನಿಂತರು.

"ಇವತ್ತಿಂದ ಈ ಮನೇಲಿ ಕಾಫಿ ಇಲ್ಲ. ನೋಡಾಕೆ ಬಂದಿದ್ದೀರಲ್ಲ, ಕುಂತ್ಕಂಡು ನೋಡಿ. ಇವ್ಳು ಆಚೆ ಓಗಿ ಬತ್ತಾಳೆ."

ಮಂಡಿಯಲ್ಲಿ ಹತ್ತಾರು ಜನರಿಗೆ ಹುಕುಂ ಮಾಡುವ ನಮ್ಮ ಭಾವ ಮೇಲೆದ್ದರು. "ನಾವು ಗಂಡಸರು ಏನು ನೋಡ್ಕೊಳೋದಕ್ಕ? ನಮಗೇನು ಗೊತ್ತಾಗುತ್ತೆ?"

"ಬಾಯಿ ಒಣಗಿದ್ರೆ ನೀರು ಬುಡಿ. ನೊಣ ಕುಂತ್ರೆ ಓಡ್ಸಿ. ನೀನು ಗಂಡ್ಮಗ ಅಂತ ನಿಮ್ಮವ್ವ ನಿನ್ ಮೂಗು ವರ್ಸದೆ ಬುಟ್ಟಿದ್ಲಾ?"

ಅತ್ತೆಯ ತವರಿನವರು ಕೆಮ್ಮಿದರು. ಮಿಲ್ಲಕ್ಕ ನನ್ನ ರಟ್ಟೆ ಹಿಡಿದು ಬೀದಿಗೆ ತಂದು ಬಿಟ್ಟರು. ಎಲ್ಲಿಗೆ ಹೋಗಬೇಕೆಂದು ನನಗೆ ತಿಳಿಯಲಿಲ್ಲ. ಹೇಗೂ ಬಂದಿದ್ದೇನೆ, ತರಕಾರಿಯಾದರೂ ತರೋಣ ಎಂದು ಮಾರ್ಕೆಟ್ ಕಡೆ ತಿರುಗಿದೆ. ಹಿಂದಿನಿಂದ ಕೂಗು ಬಂತು: "ಯಾಕವ್ವ ಅಂಗೋಯ್ತಿದ್ದೀಯ? ಸೊಪ್ಪು ತಂದ್ರೆ ಅದು ರಜ ಅಲ್ಲ, ಡೂಟಿ! ಒಳೆ ಕಡೆ ಓಗು!"

ಹೊಳೆಯ ಮೆಟ್ಟಿಲ ಮೇಲೆ ಕೂತೆ. ಏನೇನೋ ಯೋಚನೆ ಮಾಡಬೇಕು, ಅಳಬೇಕು ಎಂದೆಲ್ಲ ಅಂದುಕೊಂಡಿದ್ದೆ. ಕೂತಲ್ಲೇ ನಿದ್ದೆ ಹೋದೆ. ಎಚ್ಚರವಾಗಿ ಗಾಬರಿಯಿಂದ ಓಡಿ ಬಂದರೆ ಅತ್ತೆಯ ಸೆರಗು ಒದ್ದೆ, ಭಾವನ ಬಿಳಿ ಅಂಗಿ ಅದಕ್ಕಿಂತ ಒದ್ದೆ. ಲೋಟದಿಂದ ನೀರು ಕುಡಿಸಲು ಹೋಗಿದ್ದರಂತೆ. ತಲೆ ಎತ್ತಿ ಹಿಡಿದು ಚಮಚದಲ್ಲಿ ಕೊಡಬೇಕೆಂದು ತಾವೇ ಕಂಡುಕೊಂಡಿದ್ದರು. ಭಾವ ನನ್ನನ್ನು ನೋಡಿ, "ದಿನಾ ಹೀಗೇನಾ?" ಎಂದಷ್ಟೇ ಕೇಳಿದರು. ಅಷ್ಟು ದಿನಗಳಲ್ಲಿ ನಾನು ಮೊದಲಿಂದ ಒಪ್ಪಿಸಬೇಕಾಗಿರದ ಪ್ರಶ್ನೆ ಅದೊಂದೇ.

ಆಮೇಲೆ ಒಂದು ದಿನ ಮಿಲ್ಲಿನಲ್ಲಿ, ಯಂತ್ರದ ಬೆಲ್ಟಿನ ಸದ್ದಿನ ನಡುವೆ, ಅವರು ತಮ್ಮ ಕಥೆ ಹೇಳಿದರು. ಆ ಸಲ ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಪಾಳಿ ನನ್ನದಾಗಿತ್ತು. ಅವರ ಗಂಡ ಮಿಲ್ಲಿನ ಸೂರು ಸರಿಮಾಡಲು ಹತ್ತಿ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಆಗ ಮಗ ಇನ್ನೂ ಚಿಕ್ಕವನು. ಗಂಡ ತೀರಿಕೊಳ್ಳುವವರೆಗೆ, ವರ್ಷಾನುಗಟ್ಟಲೆ, ಮಿಲ್ಲೂ ಇವರದೇ, ಮಂಚವೂ ಇವರದೇ. ನೋಡಲು ಬಂದವರೆಲ್ಲ ದೇವತೆ ಎಂದರು. ಇವರ ತವರು ರುದ್ರಪಟ್ಟಣದ ಪಕ್ಕದ ಒಂದು ಹಳ್ಳಿ. ಅಲ್ಲಿಂದ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಬೆಳಿಗ್ಗೆಯಷ್ಟೇ ನೆಂಟರು ಬಂದು, ಕಾಫಿ ಕುಡಿದು, ಹೊಗಳಿ ಹೋಗಿದ್ದರು. ಗಂಡನ ಹತ್ತಿರ ಕೂರಲು ಒಬ್ಬರನ್ನು ಹುಡುಕಿಕೊಂಡು ಬೀದಿಯೆಲ್ಲ ಅಲೆದರು. ಎಲ್ಲರಿಗೂ ಕೆಲಸವಿತ್ತು. "ಮಾರ್ನೇ ದಿನ ಓದೆ. ಅವ್ವನ್ನ ಮಣ್ಣು ಮಾಡ್ಬುಟ್ಟಿದ್ರು. ಮ್ಯಾಲಿನ ಮಣ್ಣು ಆರೋಗಿತ್ತು ಕಣವ್ವ" ಎಂದು ಹೇಳಿ, ಮಿಲ್ಲಿನ ಬಾಯಿಗೆ ಯಾರದೋ ಜೋಳ ಸುರಿದರು. ನನಗೆ ತಡೆಯಲಾಗದೆ ಅಳು ಬಂತು. ಅವರು ಅಳಲಿಲ್ಲ. "ಅವತ್ತೇ ಅಂದ್ಕಂಡೆ, ಓಗಳೋರು ಬ್ಯಾಡ, ಕೂರೋರು ಬೇಕು ಅಂತ" ಎಂದರು.

ಮೇ ತಿಂಗಳು ಬಂತು. ನಾನು ಶಾಲೆಗೆ ರಾಜೀನಾಮೆ ಬರೆಯಲು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಮಿಲ್ಲಕ್ಕನಿಗೆ ಇದು ಹೇಗೋ ಗೊತ್ತಾಯಿತು. ಒಂದು ಮಂಗಳವಾರ ನನ್ನ ಗಂಡನನ್ನೂ, ಅವರ ಅಣ್ಣ, ತಮ್ಮ, ತಂಗಿಯನ್ನೂ ಮಿಲ್ಲಿಗೆ ಕರೆಸಿದರು. ಬ್ಯಾಂಕಿನ ಮೈದುನ ಇಸ್ತ್ರಿ ಪ್ಯಾಂಟಿನಲ್ಲಿ ರಾಗಿ ಮೂಟೆಯ ಮೇಲೆ ಕೂತಿದ್ದು ನೋಡಿ ನನಗೆ ಆ ಆತಂಕದಲ್ಲೂ ನಗು ಬಂತು.

"ಜಮೀನು ಪಾಲಾಗುವಾಗ ಅಳತೆ ಸರಪಣಿ ಇಡ್ಕಂಡು ಬದುವಿನ ಮ್ಯಾಲೆ ನಿಂತಿದ್ರಂತಲ್ಲ ಎಲ್ರೂ. ಈಗ ಅವ್ವನ ಕೆಲ್ಸನೂ ಪಾಲು ಮಾಡ್ಕಳಿ. ಇವ್ಳೇನು ನಿಮ್ಮವ್ವನ ಒಟ್ಟೇಲಿ ಉಟ್ಟೋಳಾ? ಉಟ್ಟೋರು ನೀವು. ಜೂನ್‌ಗೆ ಇವ್ಳು ಇಸ್ಕೂಲ್‌ಗೆ ಓಗ್ಬೇಕು. ಎಂಗೆ ಅಂತ ನೀವೇಳಿ."

ಮೈದುನ ಪ್ಯಾಂಟಿಗೆ ಹತ್ತಿದ ಹಿಟ್ಟು ಕೊಡವಿಕೊಂಡ. ಕೊನೆಗೆ ನಾದಿನಿಯೇ, "ಅಕ್ಕ ಹೇಳೋದು ಸರಿ ಐತೆ, ಸರದಿ ಹಾಕ್ಕೊಳಣ" ಎಂದಳು. ಎಲ್ಲರೂ ಒಪ್ಪಿ ಹೋದರು. ನನಗೆ ನಂಬಿಕೆ ಬರಲಿಲ್ಲ.

ನಂಬದೇ ಇದ್ದುದು ಒಳ್ಳೆಯದೇ ಆಯಿತು. ಮೊದಲ ಸೋಮವಾರ ಭಾವ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಹೊಸ ಹಾಸಿಗೆ. ಅತ್ತೆಯನ್ನು ಚನ್ನರಾಯಪಟ್ಟಣಕ್ಕೆ ಕರೆದೊಯ್ಯಲು ಬಂದಿದ್ದರು! ತಪ್ಪು ಅವರದೂ ಅಲ್ಲ. ನಮ್ಮ ಒಕ್ಕಲು ಮನೆಗಳಲ್ಲಿ ಪಾಲಾದ ಮೇಲೆ ಸರದಿ ಎಂದರೆ ಅದೇ. ಒಂದಷ್ಟು ದಿನ ಈ ಮಗನ ಮನೆ, ಒಂದಷ್ಟು ದಿನ ಆ ಮಗನ ಮನೆ ಎಂದು ತಾಯಿ ಗಂಟು ಕಟ್ಟಿಕೊಂಡು ತಿರುಗಬೇಕು. ಪಾಪ, ಭಾವ ತಾಯಿಗೆಂದು ಒಂದು ಕೋಣೆ ಖಾಲಿ ಮಾಡಿಸಿ ಬಣ್ಣವನ್ನೂ ಹೊಡೆಸಿದ್ದರು. ಎತ್ತಿಕೊಳ್ಳಲು ಬಗ್ಗಿದಾಗ ಅತ್ತೆ ಎಡಗೈಯಿಂದ ಕಿಟಕಿಯ ಸರಳು ಹಿಡಿದುಕೊಂಡರು. ಮಾತಿಲ್ಲದ ಆ ಕಣ್ಣುಗಳನ್ನು ನೋಡಲಾಗದೆ ನಾನು ಮಿಲ್ಲಿಗೆ ಓಡಿದೆ.

ಮಿಲ್ಲಕ್ಕ ಅರ್ಧ ಬೀಸಿದ ಹಿಟ್ಟು ಹಾಗೇ ಬಿಟ್ಟು ಬಂದರು. "ಯಾಕಪ್ಪ, ನಿಮ್ಮವ್ವ ಏನು ಒಕ್ಕಣೆ ಮಿಷಿನ್ನಾ, ಅವರ ಕಣ ಇವರ ಕಣ ಅಂತ ತಿರುಗ್ಸಾಕೆ? ಅವ್ರ ಮಂಚ ಇಲ್ಲೇ ಇರ್ಲಿ. ನೀವು ತಿರುಗಿ. ನಿಮ್ ಕಾಲು ನೆಟ್ಟಗವಲ್ಲ."

"ಮಂಡಿ ಯಾರು ನೋಡೋದಕ್ಕ?"

"ಇವ್ಳ ಇಸ್ಕೂಲ್ನ ಇಷ್ಟು ದಿನ ಯಾರು ನೋಡಿದ್ರು?"

ಆಗ ಮಂಚದಿಂದ ಒಂದು ಸದ್ದು ಬಂತು. ಅತ್ತೆ ನಕ್ಕಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡು, ಜೊಲ್ಲು ಸುರಿದು, ಆದರೂ ಅದು ನಗುವೇ. ಲಕ್ವ ಹೊಡೆದ ಮೇಲೆ ಮೊದಲ ಸಲ. ಭಾವ ತಾಯಿಯ ಬಾಯಿ ಒರೆಸಿ, ಕಾರಿನಿಂದ ಹಾಸಿಗೆ ತಂದು ಮಂಚದ ಪಕ್ಕ ನೆಲದ ಮೇಲೆ ಹಾಸಿದರು.

ಹೀಗೆ ಶುರುವಾಯಿತು. ವಾರದ ಮೊದಲಿಗೆ ಭಾವ, ನಡುವೆ ನಾದಿನಿ, ಬ್ಯಾಂಕಿಗೆ ರಜ ಇದ್ದ ಶನಿವಾರ ಮೈದುನ. ಬಾಕಿ ದಿನ ನನ್ನ ಗಂಡ. ಅಂಗಡಿ ಮುಚ್ಚಿದರೆ ಗಿರಾಕಿ ಹೋಗುತ್ತಾರೆ ಎಂದು ಇವರು ಗೊಣಗಿದಾಗ, "ನಿನ್ನಂಗ್ಡಿ ಒಂದಿನ ಮುಚ್ಚಿದ್ರೆ ಊರೇನು ಕತ್ತಲಾಗಾಕಿಲ್ಲ" ಎಂಬ ಉತ್ತರ ಬೀದಿಯ ಆ ತುದಿಯಿಂದ ಬಂತು. ಜಗಳ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಓರಗಿತ್ತಿ ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಜೂನ್‌ನಲ್ಲಿ ಶಾಲೆ ತೆರೆದ ದಿನ ನಾನು ಬೋರ್ಡಿನ ಮುಂದೆ ನಿಂತಿದ್ದೆ. ಬೆನ್ನು ತಿರುಗಿಸಿ ಸಮೀಕರಣ ಬರೆಯುವಾಗ ಕಣ್ಣು ತುಂಬಿ ಸಂಖ್ಯೆಗಳೇ ಕಾಣಲಿಲ್ಲ. ಮಕ್ಕಳಿಗೆ ಗೊತ್ತಾಗಲಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮಿಲ್ಲಕ್ಕ ನಮ್ಮೊಂದು ಮನೆಗೆ ನಿಲ್ಲಿಸಲಿಲ್ಲ. ಮಂಗಳವಾರ ಒಂದೊಂದು ಮನೆಗೆ ತಾವೇ ಹೋಗಿ ಕೂರುತ್ತಿದ್ದರು, ಆ ಮನೆಯ ಹೆಂಗಸನ್ನು ಹೊರಗೆ ಅಟ್ಟುತ್ತಿದ್ದರು. ಮಹಿಳಾ ಸಂಘದ ಸಭೆಗೆ ಬಂದ ಅಧಿಕಾರಿಯೊಬ್ಬರು ನಿಮಗೆಲ್ಲ ಯಾವ ತರಬೇತಿ ಬೇಕು, ಹೊಲಿಗೆಯೋ ಹಪ್ಪಳವೋ ಎಂದು ಕೇಳಿದಾಗ ಇವರು ಎದ್ದು ನಿಂತು, "ಮಲಗಿರೋರ್ನ ಎತ್ತಿ ಕೂರ್ಸೋದು ಎಂಗೆ ಅಂತ ಏಳ್ಕೊಡ್ಸಿ ಮೇಡಂ, ನಮ್ ಸೊಂಟ ಓಯ್ತಾವೆ. ಆಮೇಲೆ ನಮಗೆ ರಜ ಬೇಕು" ಎಂದರು. ರಜ ಎಂದಾಗ ಸಭೆ ನಕ್ಕಿತು. ಅಧಿಕಾರಿ ಮಾತ್ರ ನಗಲಿಲ್ಲ. ತಮ್ಮ ಮನೆಯಲ್ಲೂ ಒಬ್ಬರು ಮಲಗಿದ್ದಾರೆ, ಅಕ್ಕ ನೋಡಿಕೊಳ್ಳುತ್ತಿದ್ದಾಳೆ ಎಂದು ಆಮೇಲೆ ಮಿಲ್ಲಕ್ಕನ ಹತ್ತಿರ ಮೆಲ್ಲಗೆ ಹೇಳಿದರಂತೆ. ಸ್ವಲ್ಪ ದಿನದಲ್ಲೇ ಒಬ್ಬ ಫಿಸಿಯೋಥೆರಪಿ ಹುಡುಗಿ ಮಿಲ್ಲಿನ ಅಂಗಳಕ್ಕೆ ಬರತೊಡಗಿದಳು. ರೋಗಿಯ ಪಾತ್ರ ಮಿಲ್ಲಕ್ಕನದೇ. ಆ ದೊಡ್ಡ ಮೈಯನ್ನು ಚೀಲದ ಮೇಲೆ ಚೆಲ್ಲಿ ಮಲಗಿ, "ಅಯ್ಯೋ ನನ್ ಮೂಳೆ ಮುರಿದ್ರಲ್ಲಪ್ಪೋ" ಎಂದು ಅರಚುತ್ತಿದ್ದರು. ಇವರನ್ನು ಎತ್ತಿ ಕೂರಿಸಲು ಕಲಿತವರಿಗೆ ಮನೆಯ ರೋಗಿ ಹತ್ತಿ ಮೂಟೆ.

ಎಲ್ಲರಿಗೂ ಅವರು ಬೇಕಾಗಿದ್ದರು ಎನ್ನಲಾರೆ. ಮನೆ ಮಾತು ಬೀದಿಗೆ ತರುತ್ತಾಳೆ ಎಂದು ಬಾಗಿಲು ಹಾಕಿಕೊಂಡವರಿದ್ದರು. ಮಿಲ್ಲಕ್ಕನಿಗೆ ಹಟವೂ ಜಾಸ್ತಿ. ಗಂಡನ ಪಕ್ಕ ಕೂರುವುದೇ ನನಗೆ ಸಮಾಧಾನ ಎಂದ ಒಬ್ಬ ಮುದುಕಿಯನ್ನು ಬಲವಂತವಾಗಿ ಆಚೆ ಕಳಿಸಿದ್ದಕ್ಕೆ ಆಕೆ ಜಗುಲಿಯಲ್ಲೇ ಕಣ್ಣೀರು ಹಾಕುತ್ತ ಕೂತಿದ್ದೂ ಉಂಟು. ನಾನು ಬೈದೆ. "ಅಳ್ಲಿ ಬುಡು, ಅದಾದ್ರೂ ಆಚೆ ಕುಂತು ಅತ್ತವ್ಳಲ್ಲ" ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ.

ಅತ್ತೆ ಇನ್ನೆರಡು ಮಳೆಗಾಲ ಬದುಕಿ, ಅದೇ ಕಿಟಕಿಯ ಪಕ್ಕ, ಮಗಳ ಸರದಿಯ ದಿನ ನೆಮ್ಮದಿಯಾಗಿ ಹೋದರು.

ಹೋದ ವರ್ಷ ಮಿಲ್ಲಕ್ಕನೇ ಮಲಗಿದರು. ಜನ್ಮವಿಡೀ ಕುಡಿದ ಹಿಟ್ಟಿನ ದೂಳು ಶ್ವಾಸಕೋಶದಲ್ಲಿ ಕೂತಿತ್ತು. ಮಗ ಮಿಲ್ಲು ನೋಡಿಕೊಂಡರೆ ಸೊಸೆ ಅತ್ತೆಯನ್ನು ನೋಡಿಕೊಂಡಳು. ಹೇಳಿ ಕಳಿಸದೆ ಇದ್ದರೂ ಬೀದಿಯವರೆಲ್ಲ ಸರದಿಗೆ ಬಂದರು. ನಮ್ಮ ಭಾವ ಚನ್ನರಾಯಪಟ್ಟಣದಿಂದ ಫೋನ್ ಮಾಡಿ, "ಶುಕ್ರವಾರ ನಂದು" ಎಂದು ಹಟ ಹಿಡಿದು ತೆಗೆದುಕೊಂಡರು. ಪ್ರತಿ ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಮಿಲ್ಲಕ್ಕನ ಕೈಯಲ್ಲಿ ಬೈಸಿಕೊಳ್ಳುತ್ತ ಕೂರುವುದರಲ್ಲಿ ಅವರಿಗೇನೋ ಸುಖವಿತ್ತು.

ಅಂಥ ಒಂದು ಶುಕ್ರವಾರ ಮಿಲ್ಲಕ್ಕ ಸೊಸೆಯನ್ನು ಅವಳ ಗೆಳತಿಯರ ಜೊತೆ ಶ್ರವಣಬೆಳಗೊಳಕ್ಕೆ ಕಳಿಸಿದರು. ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಬೈದು ಕಳಿಸಿದರು. ಅವಳು ಹೊರಟು ಒಂದೆರಡು ಗಂಟೆಯಾಗುವಷ್ಟರಲ್ಲಿ ಮಿಲ್ಲಕ್ಕನ ಉಸಿರು ಏರತೊಡಗಿತು. ಬಂದ ಡಾಕ್ಟರು ಇನ್ನು ಹೆಚ್ಚು ಹೊತ್ತಿಲ್ಲ ಎಂದು ಮಗನಿಗೆ ಹೇಳಿದರು. ಭಾವ ಫೋನ್ ತೆಗೆದಾಗ ಮಿಲ್ಲಕ್ಕ ಅವರ ಮಣಿಕಟ್ಟು ಹಿಡಿದರಂತೆ.

ನಾನು ಶಾಲೆಯಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂಗಳದ ತುಂಬ ಜನ. ಮೂಲೆಯಲ್ಲಿ ಒಂದಿಬ್ಬರು, "ಅತ್ತೆ ಜೀವ ಓಗ್ತಿದ್ರೆ ಇವ್ಳು ಬೆಟ್ಟ ನೋಡಾಕೆ ಓಗವ್ಳಲ್ಲ" ಎಂದು ಪಿಸುಗುಡುತ್ತಿದ್ದರು. ಅಷ್ಟರಲ್ಲೇ ಸೊಸೆ ಬಂದಳು. ಬರಿಗಾಲಿನಲ್ಲಿ ಬೆಟ್ಟ ಹತ್ತಿ ಇಳಿದು ಪಾದವೆಲ್ಲ ಕೆಂಪಾಗಿತ್ತು. ಪಿಸುಮಾತು ಅವಳ ಕಿವಿಗೂ ಬಿದ್ದಿರಬೇಕು. ಹೊಸಿಲ ಹತ್ತಿರ ಬಂದವಳು ಒಳಗೆ ಕಾಲಿಡಲಾಗದೆ ತಪ್ಪಿತಸ್ಥಳ ಹಾಗೆ ನಿಂತುಬಿಟ್ಟಳು. ನಾನು ಸುಮ್ಮನಿರುವ ಪೈಕಿಯವಳಲ್ಲ, ಆ ಹೆಂಗಸರಿಗೆ ಎರಡು ಮಾತು ಆಡೋಣವೆಂದು ತಿರುಗಿದೆ. ಅಷ್ಟರಲ್ಲಿ ಭಾವ ಎದ್ದು ನಿಂತರು.

"ಫೋನ್ ಮಾಡದೇ ಇದ್ದೋನು ನಾನು" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಮಾಡೋಕೆ ಹೋದೆ, ಅಕ್ಕ ಬಿಡಲಿಲ್ಲ. 'ಈಗ ಮೆಟ್ಲು ಮ್ಯಾಲಿರ್ತಾಳೆ. ತುದೀಗಂಟ ಓಗ್ಲಿ. ಅರ್ಧದಾಗೆ ಇಳಿಸ್ಬ್ಯಾಡ' ಅಂದ್ರು. ಅದೇ ಕೊನೇ ಮಾತು."

ಬಾಗಿಲ ಬಳಿ ನಿಂತಿದ್ದವರು ಸರಿದು ದಾರಿ ಬಿಟ್ಟರು. ಸೊಸೆ ಮೆಲ್ಲಗೆ ಒಳಗೆ ಬಂದು ಅತ್ತೆಯ ಪಕ್ಕ ಕೂತು, ತಣ್ಣಗಾದ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

"ತುದೀಗಂಟ ಓಗಿದ್ದೆ ಅತ್ತೆ" ಎಂದಳು. "ಮ್ಯಾಲೆ ಗಾಳಿ ಚೆನ್ನಾಗಿತ್ತು."